"ನನ್ನ ನಂಬರ್ ನಿಮಗೆ ಎಲ್ಲಿಂದ ಸಿಕ್ತು?"

(ಕುಮಟಾದಲ್ಲಿ ಹೋಂಸ್ಟೇ, ಅಂಗಡಿ, ಲ್ಯಾಬ್ ನಡೆಸುವವರ ಸಣ್ಣ ಸಭೆಯೊಂದರಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದಿದ್ದೇನೆ. ಮಧ್ಯೆ ಕರೆಂಟ್ ಹೋದಾಗ ಹೇಳಿದ್ದನ್ನು ನೆನಪಿನಿಂದ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಮುಗಿದು ಅರ್ಧ ಗಂಟೆ ಆಗಿದೆ, ಸೆಖೆ ಬೇರೆ, ನಿದ್ದೆ ಬಂದರೆ ತಪ್ಪು ನಿಮ್ಮದಲ್ಲ. ಅದಕ್ಕೇ ಮೊದಲು ಒಂದು ಕೆಲಸ ಕೊಡುತ್ತೇನೆ. ಫೋನ್ ತೆಗೆಯಿರಿ. ಗ್ಯಾಲರಿಗೆ ಹೋಗಿ. ಬೇರೆಯವರ ಆಧಾರ್ ಕಾರ್ಡಿನ ಫೋಟೋ ಎಷ್ಟಿವೆ, ಎಣಿಸಿ. ಮನೆಯವರದ್ದು ಬಿಡಿ, ಗಿರಾಕಿಗಳದ್ದು.

(ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು "ಇನ್ನೂ ಮುಗಿದಿಲ್ಲ ಮಾರಾಯ್ರೆ" ಎಂದರು. ಎಲ್ಲರೂ ನಕ್ಕರು.)

ಆ ಫೋಟೋದಲ್ಲಿರುವ ಯಾರಾದರೂ ಒಬ್ಬರು ಈಗಲೇ ಫೋನ್ ಮಾಡಿ, "ನನ್ನ ಆಧಾರ್ ನಿಮ್ಮ ಹತ್ತಿರ ಇನ್ನೂ ಯಾಕಿದೆ, ಯಾರಿಗೆಲ್ಲ ಕಳಿಸಿದ್ದೀರಿ" ಅಂತ ಕೇಳಿದರೆ ಏನು ಹೇಳುತ್ತೀರಿ? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ. ಉತ್ತರ ಗೊತ್ತಿದ್ದರೆ ಅದು 5 ನಿಮಿಷದ ಫೋನ್. ಗೊತ್ತಿಲ್ಲದಿದ್ದರೆ ಅದೇ ಒಂದು ದೂರು ಆಗುತ್ತದೆ.

ನಾನು ವಕೀಲನಲ್ಲ. ಶಿರಸಿಯಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುತ್ತೇನೆ, ಕೆಟ್ಟರೆ ರಿಪೇರಿ ಮಾಡುತ್ತೇನೆ. ಘಟ್ಟದ ಮೇಲೆ ಅಡಿಕೆ ವಖಾರಿಯಿಂದ ಹಿಡಿದು ಇಲ್ಲಿ ಕೆಳಗೆ ಹೊನ್ನಾವರ, ಅಂಕೋಲಾದ ಮೆಡಿಕಲ್ ಶಾಪ್‌ವರೆಗೆ ಓಡಾಡುತ್ತೇನೆ. ಕಾಯ್ದೆ ಪುಸ್ತಕಕ್ಕಿಂತ ಜಾಸ್ತಿ ನೋಡಿರುವುದು ಗಲ್ಲೆ ಪಕ್ಕದ ಕಂಪ್ಯೂಟರ್‌ಗಳನ್ನು. ಆದರೂ ಕಾಯ್ದೆಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಬೇಗ ಮುಗಿಸುತ್ತೇನೆ.

ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿ ನಿವೃತ್ತರಾದ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದರು. ಅವರ ಕೇಸಿನಲ್ಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಆಮೇಲೆ ಕರಡು, ತಿದ್ದುಪಡಿ ಎಲ್ಲ ಆಗಿ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮ ಬಂದದ್ದು 2025ರ ನವೆಂಬರ್‌ನಲ್ಲಿ. ಅಂಗಡಿಯವರಿಗೆ ತಾಗುವ ಮುಖ್ಯ ನಿಯಮಗಳಿಗೆ ಅಲ್ಲಿಂದ 18 ತಿಂಗಳ ಗಡುವು, ಅಂದರೆ 2027ರ ಮೇ. "ಹಾಗಾದರೆ ಇನ್ನೂ ಟೈಮ್ ಇದೆ" ಅಂತ ಕೆಲವರ ಮುಖದಲ್ಲಿ ಕಾಣುತ್ತಿದೆ. ಗಿರಾಕಿಗೆ ಸಿಟ್ಟು ಬರುವುದು ಗಡುವು ನೋಡಿಕೊಂಡಲ್ಲ.

ದಂಡದ ಸಂಖ್ಯೆ ಕೇಳಿ ಹೆದರಿರುತ್ತೀರಿ. ಮಾಹಿತಿ ಕಾಯುವ ವ್ಯವಸ್ಥೆ ಮಾಡದಿದ್ದರೆ 250 ಕೋಟಿವರೆಗೆ. ನಮ್ಮಲ್ಲಿ ಯಾರಿಗೂ ಅಷ್ಟು ದುಡ್ಡು ಎಣಿಸಲೂ ಬರುವುದಿಲ್ಲ, ಅಲ್ವಾ? ಅದು ಗರಿಷ್ಠ ಮಿತಿ. ದಂಡ ಹಾಕುವಾಗ ದತ್ತಾಂಶ ಸಂರಕ್ಷಣಾ ಮಂಡಳಿ, ಅಂದರೆ ಈ ಕಾಯ್ದೆಯ ದೂರು ಕೇಳುವ ಸಂಸ್ಥೆ, ಕೆಲವು ಸಂಗತಿ ನೋಡಲೇಬೇಕು ಅಂತ ಕಾಯ್ದೆಯಲ್ಲೇ ಇದೆ. ತಪ್ಪು ಎಷ್ಟು ದೊಡ್ಡದು, ಮತ್ತೆ ಮತ್ತೆ ಆಗಿದೆಯಾ, ಗೊತ್ತಾದ ಮೇಲೆ ಸರಿಮಾಡಲು ಏನು ಮಾಡಿದರು, ಎಷ್ಟು ಬೇಗ ಮಾಡಿದರು. ಅಂದರೆ ನೀವು ಮೊದಲೇ ಮಾಡಿಕೊಂಡ ತಯಾರಿ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಆ ದಂಡದಲ್ಲಿ ದೂರು ಕೊಟ್ಟವರಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ, ಪೂರ್ತಿ ಸರ್ಕಾರದ ಖಜಾನೆಗೆ. ಮತ್ತೆ ಯಾಕೆ ದೂರು ಕೊಡುತ್ತಾರೆ? ಯಾರೂ ಸರಿಯಾಗಿ ಮಾತಾಡಲಿಲ್ಲ ಅಂತ. ನಾನು ನೋಡಿದ ಮಟ್ಟಿಗೆ ಅಷ್ಟೇ. ಪರಿಹಾರವೇ ಬೇಕು ಅನ್ನುವವರಿಗೆ ಬೇರೆ ದಾರಿ ಇದೆ. ಗ್ರಾಹಕ ನಂಬಿ ಕೊಟ್ಟ ಮಾಹಿತಿಯನ್ನು ಕಾನೂನು ಬಿಟ್ಟು ಬೇರೆಯವರಿಗೆ ಕೊಡುವುದು ಅನುಚಿತ ವ್ಯಾಪಾರ ಪದ್ಧತಿ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ. ಅದಕ್ಕೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಈ ದಾರಿಗೆ 2027 ಕಾಯಬೇಕಾಗಿಲ್ಲ.

ಕಾಯ್ದೆ ಸಾಕು. ಈಗ ಒಂದು ಕಥೆ.

ಗೋಕರ್ಣದ ಕಡೆ ನನಗೆ ಗುರುತಿನ ಅಕ್ಕ ಒಬ್ಬರು ಹೋಂಸ್ಟೇ ನಡೆಸುತ್ತಾರೆ, ನಾಲ್ಕು ರೂಮು. ಹೆಸರು ಬೇಡ. ಅವರು ಇಲ್ಲೇ ಕೂತಿದ್ದಾರೆ, ಹೇಳಲು ಒಪ್ಪಿಗೆ ಕೊಟ್ಟೇ ಬಂದಿದ್ದಾರೆ. ಬೆಂಗಳೂರಿನಿಂದ ಮೂರು ಹುಡುಗಿಯರು ಬಂದು ಎರಡು ದಿನ ಇದ್ದು ಹೋದರು. ಬರುವ ಮೊದಲು ವಾಟ್ಸಾಪ್‌ನಲ್ಲಿ ಆಧಾರ್ ಕಳಿಸಿ ಅಂದರು, ಕಳಿಸಿದರು. ಅಕ್ಕ ಅದನ್ನು ಹೋಂಸ್ಟೇ ಗ್ರೂಪಿಗೆ ಹಾಕಿದರು. ಗ್ರೂಪಿನಲ್ಲಿ ಯಾರ್‍ಯಾರು? ಅಕ್ಕನ ಗಂಡ, ಮಗ, ರೂಮು ಗುಡಿಸುವವಳು, ಸ್ಟೇಷನ್ನಿಂದ ಕರೆತರುವ ರಿಕ್ಷಾದವನು, ಬೋಟಿನ ಹುಡುಗ, ಮತ್ತೆ ಎರಡು ಸೀಸನ್ ಹಿಂದೆ ಕೆಲಸ ಬಿಟ್ಟು ಗೋವಾಕ್ಕೆ ಹೋದ ಒಬ್ಬ ಅಡುಗೆಯವನು, ಅವನನ್ನು ಗ್ರೂಪಿನಿಂದ ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ.

ವಾರ ಬಿಟ್ಟು ಅದರಲ್ಲಿ ಒಬ್ಬಳಿಗೆ ಗೊತ್ತಿಲ್ಲದ ನಂಬರಿನಿಂದ ಮೆಸೇಜ್. "ಹಾಯ್, ಮತ್ತೆ ಯಾವಾಗ ಗೋಕರ್ಣಕ್ಕೆ?" ಇಷ್ಟೇ. ನಮಗೆ ಇದು ಸಣ್ಣದು. ಆಕೆಗೆ? ಆಧಾರಿನಲ್ಲಿ ಮನೆಯ ವಿಳಾಸ ಇದೆ, ಫೋಟೋ ಇದೆ, ಹುಟ್ಟಿದ ದಿನ ಇದೆ. ಆಕೆ ಅಕ್ಕನಿಗೆ ಫೋನ್ ಮಾಡಿ ಕೇಳಿದ್ದು ಇವತ್ತಿನ ಪ್ರಶ್ನೆಯೇ. ಅಕ್ಕ ಏನು ಹೇಳಿದರು? "ನಮ್ಮ ಕಡೆಯಿಂದ ಹೋಗಿರಲಿಕ್ಕಿಲ್ಲ." ನಿಜಕ್ಕೂ ಹಾಗೇ ನಂಬಿದ್ದರು. ಸುಳ್ಳು ಹೇಳಲಿಲ್ಲ. ಆದರೆ ಆಕೆಗೆ ಅದು ಸುಳ್ಳಾಗಿಯೇ ಕೇಳಿತು, ಯಾಕೆಂದರೆ ತನ್ನ ನಂಬರನ್ನು ಆಕೆ ಹೋಂಸ್ಟೇಗೆ ಬಿಟ್ಟು ಊರಲ್ಲಿ ಯಾರಿಗೂ ಕೊಟ್ಟಿರಲಿಲ್ಲ. ಮರುದಿನ ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ನಡೆದದ್ದನ್ನೆಲ್ಲ ಬರೆದಳು.

ಇಲ್ಲಿಂದ ಇನ್ನೂ ಕೆಟ್ಟಿತು. ಅಕ್ಕನ ಮಗನಿಗೆ ಸಿಟ್ಟು ಬಂತು. ರಿವ್ಯೂ ಕೆಳಗೆ ಉತ್ತರ ಬರೆದ. ನೀವು ಇಂಥ ದಿನ ಬಂದಿರಿ, ಇಂಥ ರೂಮಿನಲ್ಲಿದ್ದಿರಿ, ರಾತ್ರಿ ಇಷ್ಟು ಹೊತ್ತಿಗೆ ವಾಪಸ್ ಬಂದಿರಿ, ನಾವು ಏನಾದರೂ ಕೇಳಿದೆವಾ, ಅಂತ. ತನ್ನ ಮನೆಯ ಮರ್ಯಾದೆ ಉಳಿಸುತ್ತಿದ್ದೇನೆ ಅಂದುಕೊಂಡ. ಗಿರಾಕಿಯ ಮಾಹಿತಿ ಹೊರಗೆ ಹೋಯಿತು ಅನ್ನುವ ದೂರಿಗೆ, ಗಿರಾಕಿಯ ಮಾಹಿತಿಯನ್ನು ಊರಿಗೆಲ್ಲ ಹೇಳಿ ಉತ್ತರ ಕೊಟ್ಟ. ರಿವ್ಯೂಗೆ ಸಿಟ್ಟಿನಲ್ಲಿ ಬರೆಯುವವರು ನಿಮ್ಮಲ್ಲೂ ಇದ್ದೀರಿ, ನನಗೆ ಗೊತ್ತು. ಅಲ್ಲಿ ಬರೆಯಬೇಕಾದ್ದು ಎರಡೇ ಸಾಲು: "ನಿಮ್ಮ ದೂರು ನೋಡಿದ್ದೇವೆ. ದಯವಿಟ್ಟು ಈ ನಂಬರಿಗೆ ಮಾತಾಡಿ." ದಿನಾಂಕ ಬೇಡ, ರೂಮ್ ನಂಬರ್ ಬೇಡ, ಜೊತೆಗೆ ಯಾರಿದ್ದರು ಅನ್ನುವುದಂತೂ ಬೇಡವೇ ಬೇಡ.

ಹಾಗಾದರೆ ಮೊದಲೇ ಏನು ಮಾಡಿರಬೇಕಿತ್ತು? ನನ್ನ ಪ್ರಕಾರ ಒಂದೇ ಕೆಲಸ ಮುಖ್ಯ, ಉಳಿದದ್ದು ಅದರ ಹಿಂದೆ ಬರುತ್ತದೆ. ಒಂದು ನಂಬರನ್ನು ಹಿಡಿದು ಅದರ ಹಿಂದೆ ನಡೆಯಿರಿ. ಸಂಜೆ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಕೂತು, ಇವತ್ತು ಬಂದ ಒಬ್ಬ ಗಿರಾಕಿಯ ಫೋನ್ ನಂಬರ್ ಎಲ್ಲೆಲ್ಲಿ ಹೋಯಿತು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಬಿಲ್ಲಿಂಗ್ ಕಂಪ್ಯೂಟರ್. ಅಲ್ಲಿಂದ ಅದರ ಬ್ಯಾಕಪ್. ಕೌಂಟರಿನ ಹುಡುಗನ ಸ್ವಂತ ಫೋನು. ಡೆಲಿವರಿಯವನ ಫೋನು. ಹಬ್ಬಕ್ಕೆ ಆಫರ್ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟು. ಟ್ಯಾಕ್ಸ್ ನೋಡುವವರ ಇಮೇಲ್. ಶಿರಸಿಯ ಒಂದು ಬಟ್ಟೆ ಅಂಗಡಿಯಲ್ಲಿ ಹೀಗೆ ಬರೆಯುತ್ತ ಹೋದಾಗ 9 ಜಾಗ ಸಿಕ್ಕಿತು. ಮಾಲೀಕರು ಮೊದಲು ಹೇಳಿದ್ದು ಎರಡು.

ಆ 9ರಲ್ಲಿ ಒಂದು ನನ್ನದೇ ಲ್ಯಾಪ್‌ಟಾಪ್! ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಸಾಫ್ಟ್‌ವೇರ್ ಕೆಟ್ಟಾಗ ಪೆನ್‌ಡ್ರೈವಿನಲ್ಲಿ ಡೇಟಾ ಮನೆಗೆ ತಂದು ಸರಿಮಾಡಿ ಕೊಡುವುದು ನನ್ನ ಅಭ್ಯಾಸ. ಕೊಟ್ಟ ಮೇಲೆ ಅಳಿಸಬೇಕು ಅಂತ ಯಾವತ್ತೂ ಅನ್ನಿಸಿರಲಿಲ್ಲ. ಹುಡುಕಿದರೆ 11 ಅಂಗಡಿಗಳ ಗಿರಾಕಿ ಪಟ್ಟಿ ಇತ್ತು, ಅದರಲ್ಲಿ ಎರಡು ಅಂಗಡಿ ಮುಚ್ಚಿಯೇ ಹೋಗಿವೆ. ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಇತ್ತು, ನನ್ನ ಮಗಳ ಹೆಸರು. ಹೊಸ ಕಾಯ್ದೆಯ ಪ್ರಕಾರ ನನ್ನಂಥವರು ನಿಮ್ಮ ಪರವಾಗಿ ಕೆಲಸ ಮಾಡುವವರು. ಒಪ್ಪಂದದ ಮೇಲೇ ಕೆಲಸ ಕೊಡಬೇಕು, ನಾನು ಎಡವಟ್ಟು ಮಾಡಿದರೆ ಗಿರಾಕಿಗೆ ಉತ್ತರ ಹೇಳಬೇಕಾದವರು ನೀವು. ಹಾಗಾಗಿ ರಿಪೇರಿಯವನು ಪೆನ್‌ಡ್ರೈವ್ ತೆಗೆದ ಕೂಡಲೇ ಕೇಳಿ: "ಎಲ್ಲಿಗೆ ಒಯ್ಯುತ್ತೀಯಾ, ಯಾವಾಗ ಅಳಿಸುತ್ತೀಯಾ?" ಅವನಿಗೆ ಬೇಜಾರಾದರೆ ಆಗಲಿ. ನನಗೂ ಕೇಳಿ.

ಹಾಳೆ ಬರೆದಾದ ಮೇಲೆ ಪ್ರತಿ ಜಾಗದ ಎದುರಿಗೆ ಒಂದೇ ಪ್ರಶ್ನೆ: ಇದು ಇಲ್ಲಿ ಬೇಕಾ? ರಿಕ್ಷಾದವನಿಗೆ ಅತಿಥಿಯ ಹೆಸರು, ಟ್ರೇನ್ ಬರುವ ಹೊತ್ತು ಸಾಕು, ಆಧಾರ್ ಯಾಕೆ? ಆಧಾರಿನಲ್ಲೇ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಸಿಗುತ್ತದೆ, ಅದನ್ನೇ ಕೇಳಿ. ಬಟ್ಟೆ ಅಂಗಡಿಗೆ ಹುಟ್ಟಿದ ದಿನ ಯಾಕೆ? ಬರ್ತ್‌ಡೇ ಆಫರ್ ಕಳಿಸಲು ಅಂತಾರೆ. ಕಳಿಸಿದ್ದೀರಾ ಅಂದರೆ, ಇಲ್ಲ, ಸುಮ್ನೆ ಇರಲಿ ಅಂತ. ಈ "ಸುಮ್ನೆ ಇರಲಿ" ಅನ್ನುವುದೇ ದೊಡ್ಡ ತಲೆನೋವು. ನಮ್ಮಲ್ಲಿ ಹಳೇ ಡಬ್ಬವನ್ನೂ ಎಸೆಯುವುದಿಲ್ಲ, ಅದೇ ಬುದ್ಧಿ ಫೋನಿಗೂ ಬಂದಿದೆ. ತೆಗೆದುಕೊಳ್ಳದೇ ಇದ್ದ ಮಾಹಿತಿಯ ಮೇಲೆ ಯಾರೂ ದೂರು ಕೊಡಲಾರರು.

ಎಲ್ಲವನ್ನೂ ಅಳಿಸಿ ಅಂತ ನಾನು ಹೇಳುತ್ತಿಲ್ಲ, ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಜಿಎಸ್‌ಟಿ ಲೆಕ್ಕಪತ್ರ ವಾರ್ಷಿಕ ರಿಟರ್ನ್ಸ್ ಗಡುವಿನಿಂದ 72 ತಿಂಗಳು ಇಡಬೇಕು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ತಿಳಿಸುವ ಫಾರ್ಮ್ (ಹಿಂದೆ ಫಾರ್ಮ್ ಸಿ ಅನ್ನುತ್ತಿದ್ದದ್ದು) ತುಂಬಬೇಕು. ಹೊಸ ನಿಯಮದಲ್ಲೂ ಕೆಲವು ಮಾಹಿತಿ ಮತ್ತು ಲಾಗ್‌ಗಳನ್ನು, ಅಂದರೆ ಯಾರು ಯಾವಾಗ ಮಾಹಿತಿ ತೆರೆದರು ಅನ್ನುವ ದಾಖಲೆಯನ್ನು, ಕನಿಷ್ಠ ಒಂದು ವರ್ಷ ಇಡಬೇಕು ಅಂತಿದೆ. ಗಿರಾಕಿ "ನನ್ನದೆಲ್ಲ ಅಳಿಸಿ" ಅಂದಾಗ, "ಬಿಲ್ ಅಳಿಸಲು ಬರುವುದಿಲ್ಲ, ಕಾನೂನು ಪ್ರಕಾರ ಇಷ್ಟು ವರ್ಷ ಇಡಬೇಕು, ಆಫರ್ ಲಿಸ್ಟಿನಿಂದ ಇವತ್ತೇ ತೆಗೆದಿದ್ದೇವೆ" ಅಂತ ಬಿಡಿಸಿ ಹೇಳಿದರೆ ಮುಕ್ಕಾಲು ಪಾಲು ಜನ ಒಪ್ಪುತ್ತಾರೆ. ಆಗಲ್ಲ ಅಂತಷ್ಟೇ ಹೇಳಿದರೆ ಯಾರೂ ಒಪ್ಪುವುದಿಲ್ಲ.

ಮೆಡಿಕಲ್ ಶಾಪಿನವರು ಇದ್ದೀರಲ್ಲ, ನಿಮಗೆ ಕಾಯ್ದೆಯೊಳಗೇ ಒಂದು ಉದಾಹರಣೆ ಇದೆ. ಔಷಧಿ ಅಂಗಡಿಯಲ್ಲಿ ಗಿರಾಕಿ ತಾನೇ ನಂಬರ್ ಕೊಟ್ಟು ರಸೀದಿ ಮೆಸೇಜ್ ಮಾಡಿ ಅಂದರೆ, ಆ ಕೆಲಸಕ್ಕೆ ಬೇರೆ ಒಪ್ಪಿಗೆ ಬೇಡ. ಆದರೆ ಅದೇ ನಂಬರಿಗೆ ಮುಂದಿನ ತಿಂಗಳು ಶುಗರ್ ಚೆಕಪ್ ಕ್ಯಾಂಪಿನ ಜಾಹೀರಾತು ಕಳಿಸಿದರೆ ಅದು ಬೇರೆ ಕೆಲಸ, ಅದಕ್ಕೆ ಬೇರೆ ಒಪ್ಪಿಗೆ ಬೇಕು. ಮೇಲಿಂದ ಅವರು ತೆಗೆದುಕೊಂಡ ಮಾತ್ರೆ ಯಾವುದು ಅಂತ ನಿಮಗೆ ಗೊತ್ತು ಅನ್ನುವುದೂ ಆ ಮೆಸೇಜಿನಿಂದ ಅವರಿಗೆ ಗೊತ್ತಾಗುತ್ತದೆ.

ಒಪ್ಪಿಗೆ ಕೇಳುವ ಬರಹದ ಬಗ್ಗೆ ಒಂದು ಒಳ್ಳೆಯ ಸುದ್ದಿ. ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ಗಿರಾಕಿ ಯಾವುದರಲ್ಲಿ ಕೇಳಿದರೂ ಓದಲು ಸಿಗಬೇಕು. ಕನ್ನಡ, ಕೊಂಕಣಿ ಎರಡೂ ಅದರಲ್ಲಿವೆ, ಮರಾಠಿ, ಉರ್ದು ಕೂಡ. ಕಾರವಾರ, ಭಟ್ಕಳದ ಕಡೆಯವರಿಗೆ ಇದು ಕೆಲಸಕ್ಕೆ ಬರುತ್ತದೆ. ಇಂಗ್ಲಿಷಿನ ನಾಲ್ಕು ಪುಟ ಎಲ್ಲಿಂದಲೋ ಇಳಿಸಿ ಅಂಟಿಸಬೇಡಿ. ಹೋಂಸ್ಟೇಗೆ ನಾನು ಬರೆದುಕೊಟ್ಟದ್ದು ಹೀಗಿದೆ: "ನಿಮ್ಮ ಹೆಸರು, ಫೋನ್ ನಂಬರ್, ಗುರುತಿನ ಚೀಟಿಯ ಪ್ರತಿ ತೆಗೆದುಕೊಳ್ಳುತ್ತೇವೆ. ಅತಿಥಿ ವಹಿ ಮತ್ತು ಬಿಲ್ಲಿಗೆ ಮಾತ್ರ ಬಳಸುತ್ತೇವೆ. ಆಫರ್ ಮೆಸೇಜ್ ಬೇಕಿದ್ದರೆ ಇಲ್ಲಿ ಟಿಕ್ ಮಾಡಿ, ಬೇಡ ಅನ್ನಿಸಿದಾಗ 'ಬೇಡ' ಅಂತ ವಾಟ್ಸಾಪ್ ಮಾಡಿದರೆ ಸಾಕು. ನಿಮ್ಮ ಮಾಹಿತಿ ಬಗ್ಗೆ ಏನೇ ಪ್ರಶ್ನೆ ಇದ್ದರೂ ಈ ನಂಬರಿಗೆ ಫೋನ್ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಕೊಡಬಹುದು." ಕೊನೆಯ ಸಾಲಿಗೆ ಅಕ್ಕ ತಕರಾರು ತೆಗೆದರು, ನಾವೇ ದಾರಿ ತೋರಿಸಿಕೊಡಬೇಕಾ ಅಂತ. ಹೌದು, ಕೊಡಬೇಕು, ನಿಯಮದಲ್ಲೇ ಇದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು ಅಂತಲೂ ಇದೆ. ಮಕ್ಕಳ ವಿಷಯ, 18 ವರ್ಷದೊಳಗಿನವರು, ಟ್ಯೂಷನ್ ಮತ್ತು ಈಜು ಕ್ಲಾಸಿನವರು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಏನೂ ಬರೆದುಕೊಳ್ಳಬೇಡಿ, ಫೋಟೋ ಹಾಕಬೇಡಿ. ಅದಕ್ಕೆ ಬೇರೆಯೇ ಒಂದು ದಿನ ಬೇಕು.

ಇನ್ನು ದೂರು ಬಂದ ದಿನ. ಮಂಡಳಿಗೆ ಹೋಗುವ ಮೊದಲು ಗಿರಾಕಿ ನಿಮ್ಮ ಹತ್ತಿರವೇ ಬರಬೇಕು, ಕಾಯ್ದೆ ಹಾಗಿದೆ. ಇದು ನಿಮಗೆ ಸಿಕ್ಕಿದ ಅವಕಾಶ. ಉತ್ತರಕ್ಕೆ ನಿಯಮದಲ್ಲಿ 90 ದಿನದವರೆಗೆ ಇದೆ, ಆದರೆ 90 ದಿನ ಕಾಯುವಷ್ಟು ತಾಳ್ಮೆ ನಿಮಗಿದೆಯಾ? ನನಗಿಲ್ಲ. ಅದೇ ದಿನ ಒಂದು ಮೆಸೇಜ್ ಹಾಕಿ: "ನಿಮ್ಮ ಮಾತು ಬರೆದುಕೊಂಡಿದ್ದೇವೆ, ಶುಕ್ರವಾರದೊಳಗೆ ಉತ್ತರ ಕೊಡುತ್ತೇವೆ." ಶುಕ್ರವಾರ ಅಂದರೆ ಶುಕ್ರವಾರವೇ. ಒಂದು ನೋಟ್‌ಬುಕ್ ಇಡಿ. ಯಾವ ದಿನ, ಯಾರು, ಏನು ಕೇಳಿದರು, ನಾವು ಏನು ನೋಡಿದೆವು, ಏನು ಹೇಳಿದೆವು. ಅಂಗಡಿಯಲ್ಲಿ ಇದಕ್ಕೆ ಒಬ್ಬರೇ ಉತ್ತರ ಹೇಳಬೇಕು. ಕೌಂಟರಿನಲ್ಲಿರುವ ಹುಡುಗನಿಗೆ ಹೇಳಿಕೊಡಬೇಕಾದ್ದು ಒಂದೇ ಮಾತು: "ಬರೆದುಕೊಳ್ಳುತ್ತೇನೆ, ಯಜಮಾನರು ಫೋನ್ ಮಾಡುತ್ತಾರೆ." ಅವನು ಜಾಸ್ತಿ ಮಾತಾಡಿದಷ್ಟೂ ನಿಮಗೆ ಕಷ್ಟ.

ಕೇಳುವವರು ನಿಜವಾಗಿ ಅವರೇನಾ ಅಂತ ನೋಡಿಕೊಳ್ಳಬೇಕು. ಹೋಂಸ್ಟೇಯವರಿಗೆ ಇದು ಹೊಸದಲ್ಲ: ಫೋನ್ ಬರುತ್ತದೆ, "ನಾನು ಅವಳ ಅಣ್ಣ, ಅವಳು ನಿಮ್ಮಲ್ಲಿ ಇದ್ದಳಾ, ಯಾರ ಜೊತೆ ಇದ್ದಳು" ಅಂತ. ಅಣ್ಣನೇ ಇರಬಹುದು, ಆದರೂ ಹೇಳುವ ಹಾಗಿಲ್ಲ. ವಹಿಯಲ್ಲಿ ಆಕೆ ಬರೆದ ನಂಬರಿಗೆ ನೀವೇ ಫೋನ್ ಮಾಡಿ, ಯಾರೋ ಕೇಳುತ್ತಿದ್ದಾರೆ ಅಂತ ತಿಳಿಸಿ, ಅಲ್ಲಿಗೆ ಮುಗಿಯಿತು. ಪೊಲೀಸರು ಅಂತ ಫೋನ್ ಬಂದರೆ ಠಾಣೆಯಿಂದ ಬರೆದು ಕೇಳಲಿ, ಕೊಡಿ.

ಫೋನ್ ಕಳೆದರೂ ಅದು ಸೋರಿಕೆಯೇ. ಬಸ್ ಸ್ಟ್ಯಾಂಡಿನಲ್ಲಿ ಮ್ಯಾನೇಜರ್ ಫೋನ್ ಹೋಯಿತು, ಅದರಲ್ಲಿ 300 ಜನರ ಆಧಾರ್ ಇತ್ತು ಅಂದರೆ, ನಿಯಮ ಜಾರಿಯಾದ ಮೇಲೆ ಆ 300 ಜನರಿಗೂ ತಡಮಾಡದೆ ತಿಳಿಸಬೇಕು, ಮಂಡಳಿಗೂ ಕೂಡಲೇ ತಿಳಿಸಿ 72 ಗಂಟೆಯೊಳಗೆ ಪೂರ್ತಿ ವಿವರ ಕೊಡಬೇಕು. ಮುಚ್ಚಿಟ್ಟರೆ ಅದಕ್ಕೇ ಬೇರೆ ದಂಡ, 200 ಕೋಟಿವರೆಗೆ. ಅದರಿಂದ ಯಾರದ್ದಾದರೂ ದುಡ್ಡು ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ಹೇಳಿ. ಯಾರಿಗೆ ತಿಳಿಸಬೇಕು ಅನ್ನುವ ಪಟ್ಟಿಯೇ ಕಳೆದ ಫೋನಿನಲ್ಲಿತ್ತು ಅಂದರೆ ಏನು ಮಾಡುತ್ತೀರಿ, ಅದನ್ನು ಇವತ್ತು ಯೋಚಿಸಿ.

(ಇಲ್ಲಿಗೆ ಚಹಾ ಬಂತು. ಆಮೇಲಿನದು ಪ್ರಶ್ನೆ. ಜಾಸ್ತಿ ಪ್ರಶ್ನೆ ಜಿಎಸ್‌ಟಿ ಮೇಲೆ ಹೋಯಿತು, ಅದನ್ನು ಬಿಟ್ಟಿದ್ದೇನೆ.)

ವಖಾರಿಯ ಹಿರಿಯರೊಬ್ಬರು ಕೇಳಿದರು: "ತಮ್ಮಾ, ನಮ್ಮದೆಲ್ಲ ಕೆಂಪು ಬಟ್ಟೆಯ ವಹಿ. ಯಾವ ರೈತ ಎಷ್ಟು ಚಾಲಿ ಅಡಿಕೆ ಹಾಕಿದ, ಎಷ್ಟು ಸಾಲ, ಎಲ್ಲ ಅದರಲ್ಲೇ. ನಂಗೂ ಈ ಕಾಯ್ದೆ ಉಂಟಾ?"

ಕಾಗದದಲ್ಲೇ ಇದ್ದರೆ ಇಲ್ಲ. ಈ ಕಾಯ್ದೆ ಡಿಜಿಟಲ್ ಮಾಹಿತಿಗೆ, ಅಥವಾ ಕಾಗದದಿಂದ ಆಮೇಲೆ ಡಿಜಿಟಲ್ ಆದದ್ದಕ್ಕೆ. ನಿಮ್ಮ ಮೊಮ್ಮಗ ಆ ಪುಟದ ಫೋಟೋ ತೆಗೆದು ವಾಟ್ಸಾಪ್ ಮಾಡಿದ ಕೂಡಲೇ ಒಳಗೆ ಬಂದಿರಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ದಿನಾ ಸಂಜೆ ತೆಗೀತಾನಲ್ಲ," ಅಂದರು.

ಸಭೆ ಮುಗಿದ ಮೇಲೆ ಗೋಕರ್ಣದ ಅಕ್ಕ ಬಂದು ಫೋನ್ ತೋರಿಸಿದರು. ಆ ಹುಡುಗಿಗೆ ಫೋನ್ ಮಾಡಿ ಆಗಿದ್ದನ್ನು ಆಗಿದ್ದ ಹಾಗೆ ಹೇಳಿದ್ದಾರಂತೆ, ಗ್ರೂಪಿನಲ್ಲಿ ಇಂಥವರಿದ್ದರು, ಅಡುಗೆಯವನನ್ನು ತೆಗೆದೆವು, ಮಗ ಬರೆದ ಉತ್ತರ ಅಳಿಸಿದೆವು ಅಂತ. ಆಕೆ ರಿವ್ಯೂ ತೆಗೆಯಲಿಲ್ಲ, ಆದರೆ ಕೆಳಗೆ "ಆಮೇಲೆ ಫೋನ್ ಮಾಡಿ ವಿವರ ಕೊಟ್ಟರು" ಅಂತ ಒಂದು ಸಾಲು ಸೇರಿಸಿದ್ದಾಳೆ. "ಆಧಾರ್ ಫೋಟೋ ಎಲ್ಲ ಗ್ರೂಪಿನಿಂದ ಡಿಲೀಟ್ ಮಾಡಿದ್ದೇನೆ, ನೋಡು ತಮ್ಮಾ" ಅಂದರು. ಗ್ಯಾಲರಿ ತೆಗೆದು ನೋಡಿದೆ, ಎಲ್ಲ ಅಲ್ಲೇ ಇದ್ದವು. ಬ್ಯಾಕಪ್ಪಿನಲ್ಲೂ. ಅಲ್ಲೇ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ವಿದೇಶಿ ಅತಿಥಿಗಳ ಫಾರ್ಮಿಗೆ ಬೇಕಾದ್ದು, ಇನ್ನೂ ವರ್ಷ ತುಂಬದ್ದು ಒಂದು ಕಡೆ ಲಾಕ್ ಹಾಕಿ ಇಟ್ಟು ಉಳಿದದ್ದನ್ನು ಅಳಿಸುವಷ್ಟರಲ್ಲಿ ಶಿರಸಿ ಬಸ್ ಹೋಗಿಬಿಟ್ಟಿತ್ತು.